ಚೌಕಟ್ಟು

ಸಿನಿಮಾದವರು ಮನೆ ಬಾಡಿಗೆಗೆ ಕೇಳಿದ ವರ್ಷ
ಏಡಿ ಕೈಕೊಟ್ಟಿತ್ತು. ಅಪ್ಪ ಹೂಂ ಅಂದ.
ನ್ಯೂಫೌಂಡ್‌ಲ್ಯಾಂಡಿನ ಈ ಬಂಡೆತುದಿಯಲ್ಲಿ
ಇಷ್ಟು ಚಂದದ ಭೂತದ ಮನೆ ಇನ್ನೊಂದಿಲ್ಲವಂತೆ.
ಚಂದ ಅಂದದ್ದಕ್ಕೆ ಅಮ್ಮ ಚಹಾ ಕೊಟ್ಟಳು,
ಭೂತ ಅಂದದ್ದಕ್ಕೆ ಬಿಸ್ಕತ್ತು ಕೊಡಲಿಲ್ಲ.

ಐದು ವಾರ ನಾವು ಟ್ರೂಡಿ ಚಿಕ್ಕಮ್ಮನ ನೆಲಮಾಳಿಗೆಯಲ್ಲಿ.
ಅವರು ಹಳದಿ ಗೋಡೆಗೆ ಕೊಳೆ ಬಳಿದರು,
ಕಪಾಟಿನ ಬಾಗಿಲಿಗೆ ಗಾಳದ ದಾರ ಕಟ್ಟಿದರು
ತಾನಾಗಿ ತೆರೆಯಲೆಂದು.
ಮಂಜಿನ ಯಂತ್ರ ಬೇರೆ ತಂದಿದ್ದರು,
ಕಿಟಕಿಯಾಚೆ ಮೂರು ದಿನದಿಂದ
ಅಸಲಿ ಮಂಜು ಕದಲದೆ ಕೂತಿತ್ತು!
ಒಂದು ಕುಟುಂಬವೂ ಬಂತು: ತೀರಾ ಬಿಳಿ ಹಲ್ಲಿನ ತಾಯಿ,
ಹೇಳಿದಾಗ ಕಿರುಚುವ ಇಬ್ಬರು ಮಕ್ಕಳು.

ಹೋಗುವಾಗ ಎಲ್ಲ ಮೊದಲಿನಂತೆಯೇ ಮಾಡಿಟ್ಟರು, ಪಾಪ.
ಗೋಡೆಗೆ ಹೊಸ ಹಳದಿ.
ಅಡುಗೆಮನೆಯ ಬಾಗಿಲ ಚೌಕಟ್ಟಿಗೂ.

ಅಮ್ಮ ಕೈಚೀಲ ಕೆಳಗಿಡಲಿಲ್ಲ.

ಆ ಮರದ ಮೇಲೆ ಪೆನ್ಸಿಲಿನ ಏಳು ಗೆರೆಗಳಿದ್ದವು,
ಲೀವೈನ ಏಳು ಹುಟ್ಟುಹಬ್ಬ.
ಎಂಟಕ್ಕೆ ಹನ್ನೆರಡು ದಿನ ಇರುವಾಗ
ಕೊಳದ ಮೇಲಿನ ಏಪ್ರಿಲಿನ ತೆಳು ಹಿಮ.
ನನಗಾಗ ನಾಲ್ಕು. ನೆನಪಿರುವುದು
ಒಲೆಯ ಮೇಲೆ ಒಣಗಿ ಒಣಗಿ ಹಲಗೆಯಾದ
ಅವನ ಒಂದೇ ಒಂದು ಕೈಗವಸು.

ಅಪ್ಪ ಬಣ್ಣ ಹೆರೆದ, ಮೊದಲು ಉಗುರಿನಿಂದ,
ಆಮೇಲೆ ಮೀನು ಸೀಳುವ ಚಾಕುವಿನಿಂದ.
ಬರೀ ಮರ ಸಿಕ್ಕಿತು.

ವಸಂತದಲ್ಲಿ ಚರ್ಚಿನ ಹಾಲಿನಲ್ಲಿ ಪರದೆ ಕಟ್ಟಿ ತೋರಿಸಿದರು.
ಊರಿಗೆ ಊರೇ ಬಂತು.
ಕಪಾಟು ತೆರೆದಾಗ ಪಾದ್ರಿಯೇ ಮೊದಲು ಕೂಗಿದ್ದು.
ಒಳಗಿರುವುದು ನಮ್ಮ ಬಟಾಣಿ ಡಬ್ಬಿ ಎಂದು ನಾನು ನಗುತ್ತಿದ್ದೆ,
ಅಮ್ಮ ನನ್ನ ಮಣಿಕಟ್ಟು ಹಿಡಿದಳು.

ಬಿಳಿ ಹಲ್ಲಿನ ತಾಯಿ ಓಡುತ್ತಿದ್ದಾಳೆ,
ಅವಳ ಹೆಗಲ ಹಿಂದೆ ಚೌಕಟ್ಟು,
ಕೊಳೆಬಣ್ಣದ ಮೇಲೆ ಪೆನ್ಸಿಲು.
ಅಮ್ಮ ತುಟಿಯಲ್ಲೇ ಎಣಿಸಿದಳು. ಏಳಕ್ಕೆ ನಿಲ್ಲಲಿಲ್ಲ.
ಎಂಟು. ಒಂಬತ್ತು.
ಹನ್ನೆರಡರ ಹೊತ್ತಿಗೆ ಒಮ್ಮೆಲೇ ಜಿಗಿತ,
ಟಿಝರ್ಡ್ ಮನೆತನದ ಗಂಡುಮಕ್ಕಳು ಬೆಳೆಯುವುದೇ ಹಾಗೆ.
ಹದಿನಾರನೆಯದು ಅಪ್ಪನ ಕಿವಿಗಿಂತ ಮೇಲೆ.

ಹಾಲಿಗೆ ಹಾಲೇ ಚೀರಿತು.
ಮೆಟ್ಟಿಲಿಳಿದು ಏನೋ ಬಂದಿರಬೇಕು.
ನಾವು ಮೂವರೂ ಅದನ್ನು ನೋಡಲಿಲ್ಲ.

ಗುರುವಾರ ಅವನಿಗೆ ಹದಿನೇಳು.
ಅಮ್ಮ ಪೆನ್ಸಿಲು ಚೂಪು ಮಾಡಿ
ಕಿಟಕಿಯ ಕಟ್ಟೆಯ ಮೇಲಿಟ್ಟಿದ್ದಾಳೆ,
ಚೌಕಟ್ಟಿನ ಪಕ್ಕ ಒಂದು ಸ್ಟೂಲು.
ಅವನಿಗಲ್ಲ,
ತನಗೆ ಎಟುಕಲಿ ಎಂದು.