ಏಳು ಚೊಂಬು

ಚಾಂಪಿಯನ್ ರೀಫಿನ ಹಳೇ ಲೈನು ಮನೆಯಲ್ಲಿ
ಜ್ಞಾನಸುಂದರಿ ಪಾಟಿಯ ಗೋಡೆಗೊಂದು ಹಲಗೆ.
ಹಲಗೆಯ ಮೇಲೆ ಏಳು ಹಿತ್ತಾಳೆ ಚೊಂಬು
ಒಂದಕ್ಕೊಂದು ತಾಗುವಷ್ಟು ಹತ್ತಿರ, ಬೇಕೆಂದೇ.
ಕೆಳಗೆ, ಮೈಲಿ ಎರಡು ಕೆಳಗೆ, ಬಂಡೆ ಸಿಡಿದರೆ
ಮೊದಲು ಅವೇ ಹೇಳುತ್ತಿದ್ದವು.
ಆಮೇಲೆ ಸೈರನ್ನು. ಆಮೇಲೆ ಹೆಂಗಸರು,
ಸೆರಗು ಬಿಗಿದು, ಶಾಫ್ಟಿನ ಬಾಯಿಗೆ.

ಗಣಿ ಮುಚ್ಚಿತು. ಚೊಂಬು ಅಲ್ಲೇ ಇವೆ.

ಆ ಶುಕ್ರವಾರ ರಾತ್ರಿ ಸೈನೈಡ್ ದಿಬ್ಬದ ಮೇಲೆ
ಹುಡುಗರು ಬೀಳುವ ಚುಕ್ಕಿ ಎಣಿಸುತ್ತಿದ್ದರು.
ನೂರು ದಾಟಿದ ಮೇಲೆ ಬಿಟ್ಟರು.
ಒಂದು ಮಾತ್ರ ತುಂಬ ನಿಧಾನ,
ಚೂರುಚೂರಾಗಿ ಕಳಚುತ್ತ
ಬೇತಮಂಗಲದ ಕೆರೆಯ ಕಡೆ ಹೋಯಿತು.
ಯಾರೋ ಸಿಳ್ಳೆ ಹಾಕಿದರು.
ಪಾಟಿ ಒಳಗೆ ಹೋಗಿ ಹಲಗೆ ನೋಡಿದಳು:
ಒಂದೂ ಅಲುಗಿರಲಿಲ್ಲ.
ನೆಮ್ಮದಿಯಾಗಿ ಮಲಗಿದಳು.

ನಾನು ಟವರು ನೋಡಿಕೊಳ್ಳುವವನು.
ಹದಿನೇಳು ಟವರು, ಒಂದು ಬೈಕು.
ಒಂದೊಂದರ ನೆತ್ತಿಯಲ್ಲೂ ಮುಷ್ಟಿಯಷ್ಟು ಬಿಳಿ ಅಣಬೆ,
ಆಕಾಶವನ್ನು ಹೊತ್ತೆಷ್ಟು ಎಂದು ಕೇಳಿ
ಕೆಳಗಿನ ಪೆಟ್ಟಿಗೆಗೆ ಹೇಳುತ್ತದೆ.
ಹಲೋ ಅನ್ನುವುದು, ದುಡ್ಡು ಕಳಿಸುವುದು,
ಎಲ್ಲವೂ ಆ ಕೈಗಡ ತಂದ ಹೊತ್ತಿನಲ್ಲಿ.
ಶನಿವಾರ ಅಣಬೆ ಕಿವುಡಾಯಿತು.
ಪೆಟ್ಟಿಗೆ ನೆನಪಿನಿಂದಲೇ ಎಣಿಸಿತು
ಒಂದು ಹಗಲು, ಒಂದು ರಾತ್ರಿ.
ಆಮೇಲೆ ಮಾರಿಕುಪ್ಪದ ಟವರಿಗೊಂದು ಹೊತ್ತು,
ಆಂಡರ್ಸನ್‌ಪೇಟೆಯದಕ್ಕೆ ಇನ್ನೊಂದು.
ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ಆಚೀಚೆ,
ಅಷ್ಟಕ್ಕೇ ಒಬ್ಬರ ಮಾತಿನ ಮೇಲೊಬ್ಬರು ಬಿದ್ದು
ಯಾರದೂ ಯಾರಿಗೂ ಕೇಳದಾಯಿತು.

ಸೋಮವಾರ ರೈಲಿಲ್ಲ. ಮಂಗಳವಾರ ಚಿಲ್ಲರೆ ಇಲ್ಲ.
ರಾಬರ್ಟ್‌ಸನ್‌ಪೇಟೆಯ ಅಂಗಡಿಗಳಲ್ಲಿ
ಕಪ್ಪುಬಿಳುಪು ಚೌಕಗಳ ಕಾರ್ಡು ತೆಗೆದು
ಸಾಲದ ನೋಟುಪುಸ್ತಕ ಇಟ್ಟರು, ಗೆರೆ ಹಾಕಿ.
ಅಂಬುಲೆನ್ಸು ದಾರಿ ತಪ್ಪಿ ಊರಿಗಾಂ ಸುತ್ತಿ ಬರುವಷ್ಟರಲ್ಲಿ
ಎದುರು ಮನೆಯ ಸೆಲ್ವರಾಣಿಯ ಮಗು ಮುಗಿದಿತ್ತು.

ಪಾಟಿ ತಮಿಳಿನಲ್ಲಿ ಕೇಳಿದಳು:
ಎಬಿ, ಮೇಲೆ ಎಷ್ಟು ಜನ ಸತ್ತರು?
ಯಾರೂ ಇಲ್ಲ ಪಾಟಿ, ಬರೀ ಯಂತ್ರ.
ಯಂತ್ರ ಯಂತ್ರವನ್ನು ಹೊಡೆಯಿತು.
ಅವಳು ಎದುರು ಮನೆಯ ಬಾಗಿಲು ನೋಡಿದಳು.
ತನ್ನ ಗಂಡನ ಕಾಗದದಲ್ಲಿ ಕಂಪನಿಯವರು
ಜಾಗ ಬರೆದಿದ್ದರಲ್ಲ, ತೊಂಬತ್ತೆಂಟನೇ ಲೆವೆಲ್ ಎಂದು.
ಈ ಮಗುವಿಗೆ ಏನಂತ ಬರೀತಾರೆ?

ಒಡೆದ ಚೂರೆಲ್ಲ ಬಿದ್ದುಬಿಡುತ್ತವಾ, ಎಂದಳು.
ಕೆಲವು. ಉಳಿದವು ಸುತ್ತುತ್ತವೆ.
ಎಷ್ಟು ದಿನ?
ನಾನು ಕಿಟಕಿಯಾಚೆ ಕೈ ತೋರಿಸಿದೆ.
ಚಿನ್ನ ತೆಗೆದವರು ಹಡಗು ಹತ್ತಿ ಹೋದರು,
ದಿಬ್ಬ ನಮಗೆ ಉಳಿಯಿತು.
ಗಾಳಿ ಎದ್ದರೆ ಈಗಲೂ ಅನ್ನದ ಮೇಲೆ ಬಿಳಿ ಪುಡಿ.
ಅವಳಿಗೆ ತಿಳಿಯಿತು. ತಟ್ಟೆಯ ಮೇಲೆ
ಮುಚ್ಚಳ ಸರಿಮಾಡಿದಳು.

ಗುರುವಾರದಿಂದ ಪೊನ್ನುರಂಗಂ,
ಒಂದು ಕಾಲದಲ್ಲಿ ವೈಂಡಿಂಗ್ ಎಂಜಿನ್ನು ಓಡಿಸಿ
ಜನರನ್ನು ಇಳಿಸಿ, ಏರಿಸಿ, ಕೆಲವರನ್ನು ಇಳಿಸಿ ಮಾತ್ರ
ರಿಟೈರಾದವನು,
ತುಕ್ಕಿನ ಹೆಡ್‌ಗೇರಿನ ನೆರಳು ಕಲ್ಲಿಗೆ ಮುಟ್ಟಿದಾಗ
ಕಂಬಿಯ ತುಂಡೊಂದು ತೂಗುಹಾಕಿ
ಸುತ್ತಿಗೆಯಿಂದ ಹನ್ನೆರಡು ಬಾರಿಸುತ್ತಾನೆ.
ನನ್ನ ಟವರಿಗೆ ಆ ಹೊತ್ತು ಸಾಲದು.
ಆದರೂ ಮೊದಲ ದಿನ ಕೈಗಡಿಯಾರ ತಿರುಗಿಸಿಕೊಂಡೆ.

ಅದೇ ಮಧ್ಯಾಹ್ನ, ಏಳನೆಯದೋ ಎಂಟನೆಯದೋ ಪೆಟ್ಟಿಗೆ,
ಹಲಗೆಯ ತುದಿಯ ಎರಡು ಚೊಂಬು
ಸಣ್ಣಗೆ ಕಿಣಿಗುಟ್ಟಿದವು.
ಪಾಟಿ ಒಲೆ ಬಿಟ್ಟು ಎದ್ದಳು,
ಸೆರಗು ಬಿಗಿದಳು, ಹೊಸ್ತಿಲು ದಾಟಿದಳು,
ಯಾವ ಬಾಯಿಗೆ ಓಡಬೇಕೆಂದು ತಿಳಿಯದೆ
ಅಲ್ಲೇ ನಿಂತಳು
ಬಿಸಿಲಿಗೆ ಕೈ ಅಡ್ಡ ಹಿಡಿದು, ಕತ್ತೆತ್ತಿ.