ಸೋತವರು ಮನೆಗೆ

ಚೆಂಡು ಹೊಲಿದವನು ನಾನು, ಮಾಲಕಿ ರುವೇನ್,
ಬ್ಯಾಲಿನಾಕಾರ ಪೇಟೆಯ ಮೂಲೆಯಲ್ಲಿ ಜೋಡು ಹೊಲಿಯುವವ.
ಹಂದಿಯ ಉಚ್ಚೆಚೀಲ ಊದಿ, ಬಾಯಿ ಬಿಗಿದು,
ಎತ್ತಿನ ತೊಗಲು ಎಂಟು ಪಟ್ಟಿ ಕೊಯ್ದು
ಮೇಣ ತಿಕ್ಕಿದ ದಾರದಲ್ಲಿ ಎರಡು ರಾತ್ರಿ.
ಕೊನೆಯ ಹೊಲಿಗೆ ಮಾತ್ರ ಡೆಲಿಯಾ ಹಾಕಿದಳು,
ನನ್ನ ಕಣ್ಣು ಆಗಲೇ ದೀಪಕ್ಕೆ ನೀರೂರುತ್ತಿತ್ತು.

ನಮ್ಮ ಸೀಮೆಯಲ್ಲಿ ಅದೇ ಮೊದಲು.
ಪಾದ್ರಿಯ ಟೊಪ್ಪಿಗೆಯಲ್ಲಿ ಆರೂರಿನ ಆರು ಚೀಟಿ.
ಇಗರ್ಜಿಯ ಬಾಗಿಲಿಗೆ ಮೇಷ್ಟರು ಹಚ್ಚಿದ ಕಾಗದ:
ಆಳು ಇಪ್ಪತ್ತೊಂದು, ಒದೆಯಲೂ ಸೈ, ಹಿಡಿಯಲೂ ಸೈ,
ಕಚ್ಚುವಂತಿಲ್ಲ.
ಕೆಳಗೆ ದಪ್ಪಕ್ಷರದಲ್ಲಿ, ಒಮ್ಮೆ ಸೋತರೆ ಮುಗಿಯಿತು,
ಸೋತವರು ಮನೆಗೆ.

ಶನಿವಾರ ಬೆಳಿಗ್ಗೆ ದ್ವೀಪದವರು ಬಂದರು,
ಟಾರು ಬಳಿದ ಮೂರು ದೋಣಿ, ಹತ್ತೊಂಬತ್ತು ಜನ.
ಉಳಿದಿಬ್ಬರೆಲ್ಲಿ ಎಂದರೆ
ಒಬ್ಬನ ಹಸು ಈಯುವ ಹೊತ್ತು,
ಇನ್ನೊಬ್ಬನ ಹೆಂಡತಿ.
ಹತ್ತೊಂಬತ್ತರಲ್ಲಿ ಹನ್ನೊಂದು ಬರಿಗಾಲು.
ನಾನು ಕಾಲು ನೋಡುವವ, ಮುಖ ಆಮೇಲೆ;
ಬಂಡೆಯ ಮೇಲೆ ಬೆಳೆದ ಹೆಬ್ಬೆರಳುಗಳು
ಹುಲ್ಲು ಮುಟ್ಟಿ ನಾಚಿಕೊಂಡಂತೆ ಮಡಚುತ್ತಿದ್ದವು.

ಡ್ರಮಾರ್ಡಿನವರು ಅವರನ್ನು
ಆಲೂಗಡ್ಡೆ ಸುಲಿದಂತೆ ಸುಲಿದರು.
ಎಷ್ಟಕ್ಕೆ ಎಷ್ಟು ಎಂದು ನಾನು ಹೇಳುವುದಿಲ್ಲ,
ಮೇಷ್ಟರ ಹಲಗೆಯಲ್ಲಿ ಜಾಗ ಸಾಲದೆ
ಹಿಂಬದಿಗೆ ತಿರುಗಿಸಿದರು, ಅಷ್ಟು ಸಾಕು.
ಮೀನು ನಾರುತ್ತೆ ಎಂದು ಯಾರೋ ಮೂಗು ಹಿಡಿದ,
ಬೇಲಿಯುದ್ದಕ್ಕೂ ನಗು ಹರಿಯಿತು.

ಸೋತವರು ಮನೆಗೆ, ಸರಿ,
ಕಡಲು ಕೇಳಬೇಕಲ್ಲ.
ಮಧ್ಯಾಹ್ನಕ್ಕೇ ಪಡುವಣ ಗಾಳಿ ಎದ್ದು
ದ್ವೀಪವನ್ನು ಒರೆಸಿ ಹಾಕಿತ್ತು.
ಯಾವ ಮನೆ, ಯಾವ ದಿಕ್ಕು.
ಅವರು ದೋಣಿ ಮಗುಚಿ ಕಲ್ಲು ಹೇರಿ
ನನ್ನ ಅಂಗಡಿಯ ಮುಂದೆ ನಿಂತರು.

ತೊಗಲಿನ ರಾಶಿಯ ಮೇಲೆ, ಬೆಂಚಿನ ಕೆಳಗೆ, ಒಲೆಗೆ ಬೆನ್ನು ಕೊಟ್ಟು
ಹತ್ತೊಂಬತ್ತು ಜನ ಮೂರು ರಾತ್ರಿ.
ಡೆಲಿಯಾ ಇದ್ದಬದ್ದ ದಿಂಬನ್ನೆಲ್ಲ ಹಂಚಿದಳು,
ಆಮೇಲೆ ನನ್ನದನ್ನೂ.
ಅವರು ಸುಮ್ಮನೆ ಕೂರುವ ಜಾತಿಯಲ್ಲ.
ಭಾನುವಾರ ಪೂಜೆ ಮುಗಿಯುವುದರೊಳಗೆ
ಬಯಲಿನ ಕುರಿ ಓಡಿಸಿ, ಹಿಕ್ಕೆ ಗುಡಿಸಿ,
ಕಿತ್ತುಬಿದ್ದ ಕಂಬ ನೆಟ್ಟು, ಅಡ್ಡಹಗ್ಗ ಎಳೆದು
ಎಂಥ ಗಂಟು ಹಾಕಿದರೆಂದರೆ
ಈಗಲೂ ಬಿಚ್ಚಿಲ್ಲ.

ಸೋಮವಾರ ಕಡೆಯಾಟ. ಡ್ರಮಾರ್ಡ್, ಕಿಲ್‌ಬ್ರಾನ್.
ಕಂಬದ ಬಳಿ ನಿಲ್ಲಲು
ಯಾರ ಕಡೆಯೂ ಅಲ್ಲದ ಮನುಷ್ಯ ಬೇಕಿತ್ತು,
ದ್ವೀಪದ ಫೆಸ್ಟಸ್ ಟಾರ್ಪಿಯನ್ನು ನಿಲ್ಲಿಸಿದರು.
ನಿಶಾನೆಗೆ ಬಿಳಿ ಬಟ್ಟೆಯಿಲ್ಲ;
ರಾತ್ರಿ ತಲೆಯಿಟ್ಟ ದಿಂಬಿನ ಗವಸನ್ನೇ
ಕೋಲಿಗೆ ಕಟ್ಟಿಕೊಂಡ.

ಕತ್ತಲಾಗುತ್ತಿತ್ತು. ಸಮಸಮ.
ಡ್ರಮಾರ್ಡಿನ ಹುಡುಗ, ಅದೇ ಮೂಗು ಹಿಡಿದವ,
ನಲವತ್ತು ಹೆಜ್ಜೆಯಿಂದ ಒದ್ದ.
ಪಟ್ ಎಂದು ಎಲ್ಲೋ ಹೊಲಿಗೆ ಬಿಟ್ಟದ್ದು
ನನಗೊಬ್ಬನಿಗೇ ಕೇಳಿಸಿತು.
ಉಸಿರು ಬಿಡುತ್ತಾ, ವಾಲಾಡುತ್ತಾ
ಹಗ್ಗದ ಮೇಲೋ ಕಂಬದಾಚೆಗೋ
ಚೆಂಡು ಹೋಯಿತು.

ಇಡೀ ಸೀಮೆ ಫೆಸ್ಟಸನ ಕೈ ನೋಡಿತು.
ಹೌದೆಂದರೆ ಸುಲಿದವರೇ ಗೆಲ್ಲುತ್ತಾರೆ.
ಅವನು ಕೆಮ್ಮಿದ. ಬರಿಗಾಲು ಬದಲಿಸಿದ.
ದಿಂಬಿನ ಗವಸು ಮೇಲೆದ್ದಿತು.

ರಾತ್ರಿ ಕೇಳಿದೆ, ನಿಜ ಹೇಳು.
ಅವನೆಂದ, ಚೆಂಡು ನಿನ್ನ ಹೆಂಡತಿಯ ಹೊಲಿಗೆ ತೋರಿಸುತ್ತಾ
ಹಗ್ಗದ ಮೇಲೆ ಹೋಯಿತು,
ನಿನ್ನದಾಗಿದ್ದರೆ ಅಷ್ಟು ದೂರಕ್ಕೆ ಕಾಣುತ್ತಿರಲಿಲ್ಲ.

ಗೆದ್ದವರಿಗೆ ಬೆಳ್ಳಿ ಬಟ್ಟಲು ಅಂದಿದ್ದರು,
ಅದು ಇನ್ನೂ ಅಕ್ಕಸಾಲಿಗನಲ್ಲೇ ಇತ್ತು;
ಪಾದ್ರಿಯ ಹಾಲಿನ ಜಗ್ಗನ್ನೇ ಹೊತ್ತು ಮೆರೆದರು.
ಸತ್ತ ಚೆಂಡು ಯಾರಿಗೂ ಬೇಡವಾಯಿತು.

ಮಂಗಳವಾರ ಕಡಲು ಬಾಯಿ ಮುಚ್ಚಿತು.
ಸೋತವರು ಮನೆಗೆ ಹೊರಟರು,
ಮುಂದಿನ ದೋಣಿಯ ಮೂತಿಯಲ್ಲಿ
ಉಸಿರಿಲ್ಲದ ತೊಗಲು ಇಟ್ಟುಕೊಂಡು.
ಮೂರು ವಾರ ನಾನು ಹೊಲಿದ ಜೋಡೆಲ್ಲ
ಬಂಗಡೆ ಮೀನಿನ ವಾಸನೆ ಹೊಡೆಯಿತು,
ಯಾರೂ ಕೊಳ್ಳಲಿಲ್ಲ.

ಬರುವ ವರ್ಷ ಮೊದಲು ಬರುವುದು ನಾವೇ ಎಂದಿದ್ದಾರೆ,
ಇಪ್ಪತ್ತೊಂದು ಜನ, ಹಸು ಈದರೂ ಸೈ.
ನೋಡೋಣ.
ಆ ವರ್ಷದ ಚೆಂಡು ಸದ್ಯಕ್ಕೆ ನಮ್ಮ ಹಿತ್ತಲಲ್ಲಿ
ಆಲೂಗಡ್ಡೆ ಸಿಪ್ಪೆ ತಿನ್ನುತ್ತಾ
ಡೆಲಿಯಾಳ ಸೆರಗಿಗೆ ಮೂತಿ ಉಜ್ಜುತ್ತಿದೆ.