ನೂರಕ್ಕೆ ಒಂದೆರಡು

ಗುಳಿಗೆ ಡಬ್ಬಿಯ ಚೀಟಿ
ಬಿಚ್ಚಿದಷ್ಟೂ ಬಿಚ್ಚುತ್ತದೆ, ಇರುವೆಸಾಲಿನ ಅಕ್ಷರ.
ಬಾಷಾನಗರದ ಭಟ್ಟಿಯ ಬೆಂಕಿಬೆಳಕಿಗೆ ಹಿಡಿದೆ:
ಕೂದಲು ನಿಲ್ಲಬಹುದು. ಆಸೆ ಕುಗ್ಗಬಹುದು,
ನೂರಕ್ಕೆ ಒಬ್ಬರಿಗೋ ಇಬ್ಬರಿಗೋ.

ನೂರರ ಲೆಕ್ಕ ನನಗೇನು ಹೊಸದೆ?
ಕಾದ ಮರಳಿಗೆ ಬಿದ್ದ ಅಕ್ಕಿ
ಮಂಡಕ್ಕಿಯಾಗಿ ಜಿಗಿಯುವಾಗ
ಒಂದೆರಡು ಹಾಗೇ ಉಳಿಯುತ್ತವೆ, ಗಟ್ಟಿ, ಮಂಕು.
ಯಾವ ಕಾಳು ಎಂದು, ಬೀಳುವ ಮುಂಚೆ,
ನಲವತ್ತು ವರ್ಷ ಜರಡಿ ಹಿಡಿದ ಅಬ್ಬಾಗೂ ತಿಳಿಯದು.

ಮೂವತ್ತೊಂದಕ್ಕೇ ನೆತ್ತಿ ಬಯಲು.
ತಮ್ಮನ ನಿಖಾದಲ್ಲಿ ಟೋಪಿ ಇತ್ತು, ಬಚಾವಾದೆ.

ಚಹಾ ತಂದ ಮುಬೀನಾ ನೆತ್ತಿಯ ಮಸಿ ಒರೆಸಿ
"ಇಲ್ಲಿ ಒರೆಸಾದು ಸಲೀಸು ಬಿಡ್ರಿ" ಅಂದಳು.
ಬೆರಳು ಅಲ್ಲೇ ಒಂದು ಗಳಿಗೆ ನಿಂತಿತು.
ಮೈಯೆಲ್ಲ ಜುಮ್ಮೆಂದಿತು.

ಗುಳಿಗೆ ಜೇಬಿನಲ್ಲಿದೆ.
ಚೀಟಿಯನ್ನು ಮೊದಲಿನಂತೆ ಮಡಚಲು ನೋಡುತ್ತಿದ್ದೇನೆ,
ಡಬ್ಬಿಯೊಳಗೆ ಹೋಗುತ್ತಿಲ್ಲ.